ಚುಕ್ಕಿ ರಾಣಿಯ ನೊರೆ ಜಳಕ

"ಇದನ್ನ ಯಾರು ಕಲಸ್ಯಾರ?"

ನೊರೆ ತುಂಬಿದ, ಬೆಳ್ಳಿ ಬಣ್ಣ ಬಳಿದ ತಗಡಿನ ತೊಟ್ಟಿಯಿಂದ ಎದ್ದು ನಿಂತ ಶೇಖವ್ವ ಎರಡೂ ತೋಳು ಮುಂದೆ ಚಾಚಿ ಕೇಳಿದಳು. ಮೊಣಕೈಯಿಂದ ಭುಜದವರೆಗೆ ಚರ್ಮ ಕೆಂಪಾಗಿತ್ತು. ನಾಟಕದ ತಾಲೀಮಿಗೆ ನಿಂತಿದ್ದವರೆಲ್ಲ ತೊಟ್ಟಿಯ ಹಿಂದೆ ಕುಕ್ಕರುಗಾಲಲ್ಲಿ ಕುಳಿತಿದ್ದ ಉಡಚಪ್ಪನ ಕಡೆ ನೋಡಿದರು.

"ನಾನರಿ," ಎಂದ ಉಡಚಪ್ಪ.

"ಮೈಗೆ ಹಾಕೋದು ಯಾವ್ದು, ಹಾಸಿಗಿ ಒಗಿಯೋದು ಯಾವ್ದು, ಅಷ್ಟೂ ತಿಳಿಯೂದಿಲ್ಲೇನು ನಿಮಗ?"

ಅವನು ಏನೋ ಹೇಳಲು ಬಾಯಿ ತೆರೆದ. ಕಂಪನಿಯ ಮಾಲೀಕ ಪ್ರಭುಲಿಂಗಪ್ಪನವರತ್ತ ಒಮ್ಮೆ ನೋಡಿದ. ಅವರು ಪರದೆಯ ಹಗ್ಗ ನೋಡುತ್ತಿದ್ದರು. ಉಡಚಪ್ಪ ಬಾಯಿ ಮುಚ್ಚಿಕೊಂಡ. "ತಪ್ಪಾತ್ರಿ. ನಾಳೆ ಬ್ಯಾರೆ ಮಾಡ್ತೇನಿ," ಎಂದಷ್ಟೇ ಹೇಳಿ ಬಕೆಟ್ ಎತ್ತಿಕೊಂಡು ಹೋದ.

ಅದು ಎಂಬತ್ತೆಂಟನೇ ಇಸವಿಯ ಬೇಸಿಗೆ. ಮನೆಮನೆಗೆ ಟೀವಿ ಬಂದು ನಾಟಕದ ಥಿಯೇಟರಿನ ಕುರ್ಚಿಗಳು ಖಾಲಿ ಉಳಿಯತೊಡಗಿದ್ದವು. ರಾಣೆಬೆನ್ನೂರಿನ ಕ್ಯಾಂಪಿಗೆ ಪ್ರಭುಲಿಂಗಪ್ಪನವರು ಹೊಸ ನಾಟಕ ತಂದಿದ್ದರು. ಆಕಾಶನೌಕೆ, ಬೇರೆ ಗ್ರಹದ ವೈರಿಗಳು, ಮಿಂಚುವ ಪಿಸ್ತೂಲು. ಅದನ್ನು ಬರೆದ ಅಂದಾನೆಪ್ಪ ಮಾಸ್ತರರು ಎಲ್ಲೋ ನಡುವೆ ಒಂದು ಮಾತು ಹಾಕಿದ್ದರು: ನೌಕೆಯ ಜನರಿಗೆ ಊಟವೆಂದರೆ ಗುಳಿಗೆ, ನಿದ್ದೆಯೆಂದರೆ ಗಾಜಿನ ಪೆಟ್ಟಿಗೆ, ಆದರೆ ಸಂಜೆಯಾದರೆ ಎಲ್ಲರಿಗೂ ಬಿಸಿ ನೊರೆಯ ಜಳಕ ಮಾತ್ರ ಬೇಕೇ ಬೇಕು. ಹೊಲದಿಂದ ಬಂದವರು ಕಾಲು ತೊಳೆದಂತೆ, ಯುದ್ಧ ಮುಗಿಸಿ ಬಂದ ಚುಕ್ಕಿ ರಾಣಿ ತೊಟ್ಟಿಗೆ ಇಳಿಯುತ್ತಾಳೆ. ಗೆದ್ದರೂ ಜಳಕ, ಸೋತರೂ ಜಳಕ.

ಆ ಚುಕ್ಕಿ ರಾಣಿಯೇ ಶೇಖವ್ವ. ಪೋಸ್ಟರಿನಲ್ಲಿ 'ಮಿಸ್ ಶಶಿರೇಖಾ'. ಊರು ಅಗಡಿ. ಹದಿನೆಂಟು ತುಂಬುವ ಮೊದಲೇ ಕಂಪನಿ ಸೇರಿದವಳಿಗೆ ಈಗ ಮೂವತ್ತೈದು. ಬಣ್ಣ ಹಚ್ಚಿದಾಗ ಇಪ್ಪತ್ತು. ಬಣ್ಣ ತೆಗೆದಾಗ ಎಷ್ಟು ಎಂದು ಅವಳು ಕನ್ನಡಿಯನ್ನು ಕೇಳುವುದು ಬಿಟ್ಟಿದ್ದಳು.

ಉಡಚಪ್ಪ ಕಂಪನಿಯವನಲ್ಲ. ಕರ್ಜಗಿಯಿಂದ ಬಂದು ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಗೋಲಿಸೋಡಾ ಅಂಗಡಿ ಇಟ್ಟವನು. ಸೋಡಾ ತುಂಬುವ ಗ್ಯಾಸಿನ ಸಿಲಿಂಡರಿನಿಂದ ತೊಟ್ಟಿಯ ತಳಕ್ಕೆ ನಳಿಗೆ ಕೊಟ್ಟರೆ ನೊರೆ ಉಕ್ಕುತ್ತದೆಂದು ಪ್ರಭುಲಿಂಗಪ್ಪನವರಿಗೆ ಯಾರೋ ಹೇಳಿದ್ದರು. ಹಾಗಾಗಿ ಅವನು ದಿನಾ ಸಂಜೆ ಅಂಗಡಿ ಮುಚ್ಚಿ ಬರತೊಡಗಿದ.

ಆ ರಾತ್ರಿ ಕಂಪನಿಯ ಅಡಿಗೆಯ ಸಕೀನಾಬಿ ಶೇಖವ್ವನ ತೋಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ ಹೇಳಿದಳು. "ಸುಮ್ನ ಆ ಮನಿಶ್ಯಾಗ ಬೈದಿ ನೋಡು. ಸೋವಿ ಆಗತೈತಿ ಅಂತ ಒಗಿಯೋ ಪುಡಿ ತರಿಸಿದವ್ರು ಮಾಲಕರು. ಅಂವ ಬ್ಯಾಡ್ರಿ, ಮೈ ಸುಡತೈತಿ ಅಂತ ಅಡ್ಡ ಬಂದಿದ್ದ. ನಾನ ಕೇಳೇನಿ."

"ಮತ್ತ ನನ್ನ ಮುಂದ ಯಾಕ ಹೇಳಲಿಲ್ಲ?"

"ಮಾಲಕರ ಮಾನ ಹೋಗತಿತ್ತಲ್ಲ."

ಮರುದಿನ ಉಡಚಪ್ಪ ಅಂಟವಾಳಕಾಯಿ ನೆನೆಹಾಕಿ ಕಿವುಚಿದ ನೀರು ತಂದ. ಗ್ಯಾಸ್ ಬಿಟ್ಟೊಡನೆ ತೆಳ್ಳನೆಯ ಕಂದು ನೀರು ಬಿಳಿಯಾಗಿ ಉಬ್ಬಿ ತೊಟ್ಟಿಯ ಅಂಚು ಮೀರಿತು. ಶೇಖವ್ವ ಮೊದಲು ಒಂದು ಬೆರಳು ಅದ್ದಿದಳು. ಆಮೇಲೆ ಕೈ. ಆಮೇಲೆ ಅವನ ಮುಖ ನೋಡಿದಳು. ಅವನು ನಳಿಗೆಯನ್ನೇ ನೋಡುತ್ತಿದ್ದ. ಕಿವಿ ಮಾತ್ರ ಕೆಂಪಗಾಗಿತ್ತು.

"ನಿನ್ನೆ ಬೈದದ್ದು ಮನಸಿನ್ಯಾಗ ಇಟ್ಕೋಬ್ಯಾಡ್ರಿ."

"ಬೈದ್ರೇನು? ನಾ ನಾಟಕದ ಮಾತು ಅನ್ಕೊಂಡೆ."

ಅವಳಿಗೆ ನಗು ಬಂತು. ಅಷ್ಟು ಸುಲಭವಾಗಿ ನಗು ಬಂದು ಬಹಳ ದಿನವಾಗಿತ್ತು.

ನಾಟಕ ಹಿಡಿಯಿತು. ಬ್ಯಾಡಗಿ, ಹಾವೇರಿ ಕಡೆಯಿಂದಲೂ ಹೆಂಗಸರು ಗಾಡಿ ಕಟ್ಟಿಕೊಂಡು 'ನೊರಿ ಜಳಕ' ನೋಡಲು ಬಂದರು. ತುಂಬುತೋಳಿನ ರವಿಕೆಯಲ್ಲೇ ತೊಟ್ಟಿಗಿಳಿದ ಶೇಖವ್ವನ ಕೊರಳವರೆಗೆ ನೊರೆ ಬರುತ್ತಿತ್ತು. ಅವಳು ಕಣ್ಣು ಮುಚ್ಚಿ, ಇನ್ನು ಯಾವ ಗ್ರಹದ ಚಿಂತೆಯೂ ತನಗಿಲ್ಲ ಎನ್ನುವಳು. ಜನ ಸುಮ್ಮನಾಗಿಬಿಡುತ್ತಿದ್ದರು.

ತೊಟ್ಟಿಯ ಹಿಂದೆ, ಬೆಳ್ಳಿ ಬಣ್ಣದ ತಗಡಿನ ಮರೆಯಲ್ಲಿ ಉಡಚಪ್ಪ ಗ್ಯಾಸಿನ ತಿರುಪು ಹಿಡಿದು ಕೂತಿರುತ್ತಿದ್ದ. ಇಬ್ಬರ ನಡುವೆ ಒಂದು ತಗಡು. ಪ್ರೇಕ್ಷಕರು ಚಪ್ಪಾಳೆ ತಟ್ಟುವಾಗ ಅವಳು ತುಟಿ ಅಲುಗಿಸದೆ ಪಿಸುಗುಡುವಳು.

"ನೀರು ಭಾಳ ತಣ್ಣಗೈತಿ."

"ಕಾಸಿದ್ರ ನೊರಿ ಲಗೂ ಇಳಿತೈತ್ರಿ."

"ಅಂದ್ರ ರಾಣಿ ನಡಗಿದ್ರೂ ಅಡ್ಡಿಯಿಲ್ಲ, ನೊರಿ ನಿಂದ್ರಬೇಕು."

"ನನಗ ಎರಡೂ ಬೇಕ್ರಿ," ಎನ್ನುವನು ತಗಡಿನ ಆಚೆಯಿಂದ. ಆಗ ಅವಳು ಮುಂದಿನ ಮಾತು ಮರೆಯುತ್ತಿದ್ದಳು. ಅಂದಾನೆಪ್ಪ ಮಾಸ್ತರರು ಪರದೆಯ ಬದಿಯಿಂದ ಎರಡು ಸಲ ಒದರಿ ನೆನಪಿಸಬೇಕಾಗುತ್ತಿತ್ತು.

ಒಂದು ಬೆಳಿಗ್ಗೆ ಅವಳು ಅವನ ಅಂಗಡಿಗೆ ಬಂದು ಬೆಂಚಿನ ಮೇಲೆ ಕುಸಿದಂತೆ ಕುಳಿತಳು. ಅವನು ಗೋಲಿ ಒತ್ತಿ ಸೋಡಾ ಕೊಟ್ಟ. ಅವಳು ಬಾಟಲಿಯನ್ನು ಕೆನ್ನೆಗೆ ಒತ್ತಿಕೊಂಡಳೇ ಹೊರತು ಕುಡಿಯಲಿಲ್ಲ.

"ಮೈಯಾಗ ಆರಾಮಿಲ್ಲೇನ್ರಿ?"

"ಆರಾಮ ಐತಿ. ದಣದೇನಿ ಅಷ್ಟ." ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು. "ಸಾವಿರ ಮಂದಿ ಮುಂದ ದಿನಾ ಜಳಕ ಮಾಡ್ತೇನಿ. ಖರೇ ಜಳಕ ಮಾಡಿ ಎಷ್ಟು ದಿನಾತೋ. ತಟ್ಟಿ ಕಟ್ಟಿದ ಬಚ್ಚಲಾ, ಒಂದ ಬಕೀಟ ನೀರು. ಎರಡ ತಂಬಿಗಿ ಹಾಕ್ಕೊಳ್ಳೂದ್ರಾಗ ಹೊರಗ ನಿಂತವ್ರು ಲಗೂ ಬಾ ಅಂತ ಒದರ್ತಾರ."

ಉಡಚಪ್ಪ ಖಾಲಿ ಬಾಟಲಿಗಳನ್ನು ಸುಮ್ಮನೆ ಈ ಕಡೆಯಿಂದ ಆ ಕಡೆ ಜೋಡಿಸಿದ.

"ನಮ್ಮನ್ಯಾಗ ಹಂಡೆ ಐತ್ರಿ," ಎಂದ ಕೊನೆಗೆ. "ನಮ್ಮಕ್ಕ ಫಕ್ಕೀರವ್ವ ಇರ್ತಾಳ. ನಾ ಅಂಗಡ್ಯಾಗ ಇರ್ತೇನಿ. ನೀವು ಹೋಗಿ ಆರಾಮ ಎರಕೊಂಡು ಬರ್ರಿ."

ಅವಳು ಬಾಟಲಿಯ ಮೇಲಿಂದ ಅವನನ್ನೇ ನೋಡಿದಳು. ಈ ಊರೂರಿನ ಬದುಕಿನಲ್ಲಿ ಸೀರೆ ಕೊಡುತ್ತೇನೆಂದವರಿದ್ದರು, ಓಲೆ ಕೊಡುತ್ತೇನೆಂದವರಿದ್ದರು. ಬಿಸಿನೀರು ಕೊಡುತ್ತೇನೆಂದವನು ಇವನೊಬ್ಬನೇ.

ಮರುದಿನ ಹೋದಳು. ಫಕ್ಕೀರವ್ವ ಗಂಡ ಸತ್ತ ಮೇಲೆ ತಮ್ಮನ ಮನೆಗೆ ಬಂದಿದ್ದ ದೊಡ್ಡ ಮೈಯ, ಸಣ್ಣ ಮಾತಿನ ಹೆಂಗಸು. ಹೆಚ್ಚು ಕೇಳಲಿಲ್ಲ. ತಲೆಗೆ ಹರಳೆಣ್ಣೆ ತಿಕ್ಕಿ, ಹಂಡೆಯಿಂದ ತೋಡಿ ತೋಡಿ ನೀರು ಸುರಿದಳು. ಸೀಗೆಕಾಯಿ ಹಚ್ಚುವಾಗ ಶೇಖವ್ವನ ಕತ್ತು ತಾನಾಗಿ ವಾಲಿತು. ಹೊರಗೆ ಯಾರೂ ಕೂಗಲಿಲ್ಲ.

"ನಾಕಕ್ಕ ಎಬ್ಬಸ್ರಿ ಅಕ್ಕಾರ. ನಾಟಕ ಐತಿ," ಎಂದು ಹೇಳಿ ಜಗಲಿಯ ಕೋಣೆಯಲ್ಲಿ ಚಾಪೆಯ ಮೇಲೆ ಉರುಳಿದಳು.

ಎಚ್ಚರಾದಾಗ ಕೋಣೆಯಲ್ಲಿ ಕತ್ತಲು. ಯಾರ ಮನೆ, ಯಾವ ಕ್ಯಾಂಪು, ಒಂದೂ ಹೊಳೆಯಲಿಲ್ಲ. ಹೊಳೆದಾಗ ಕಟ್ಟದ ಕೂದಲು ಬೆನ್ನ ಮೇಲೆ ಬಿಟ್ಟುಕೊಂಡೇ ಥಿಯೇಟರಿನತ್ತ ಓಡಿದಳು. ತಗಡಿನ ಗೋಡೆಯ ಹೊರಗೆ ನಿಂತಾಗ ಒಳಗಿನಿಂದ ತನ್ನದೇ ಮಾತು ಕೇಳಿಸಿತು. ಇನ್ನು ಯಾವ ಗ್ರಹದ ಚಿಂತೆಯೂ ನನಗಿಲ್ಲ. ಧ್ವನಿ ಮಾತ್ರ ಸಣ್ಣ ಪಾತ್ರ ಮಾಡುವ ಮೈಲವ್ವಳದು. ಚಪ್ಪಾಳೆ ಬಿತ್ತು. ಅಷ್ಟೇ ಜೋರಾಗಿ ಬಿತ್ತು.

ಜಳಕದ ದೃಶ್ಯ ಮುಗಿಸಿ ಹೊರಬಂದ ಉಡಚಪ್ಪ ಅವಳನ್ನು ಕಂಡು ನಿಂತ.

"ಯಾಕ ಎಬ್ಬಸ್ಲಿಲ್ಲ?"

"ನಾಕಕ್ಕ ಬಂದಿದ್ದೆ. ಬಾಗಲದಾಗ ನಿಂತೆ. ಅಂಗೈ ಗಲ್ಲದ ಕೆಳಗ ಇಟ್ಕೊಂಡು ಮಲಗಿದ್ರಿ. ಅಕ್ಕಗೂ ಎಬ್ಬಿಸಬ್ಯಾಡ ಅಂದೆ. ನಿಮಗ ಜ್ವರ ಬಂದೈತಿ ಅಂತ ಮಾಲಕರಿಗೆ ಹೇಳಿದೆ."

"ಯಾರು ಹೇಳು ಅಂದ್ರು?"

ಅವನು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ.

"ನನ್ನ ನಿದ್ದಿ ಮ್ಯಾಲೆ ನಿಮಗ ಅಷ್ಟು ಕಕ್ಕುಲಾತಿ. ಹದಿನೇಳು ವರ್ಷದಾಗ ಒಂದ ಪ್ರಯೋಗ ತಪ್ಪಿಸಿದ್ದಿಲ್ಲ ನಾ. ಅದರ ಮ್ಯಾಲೆ ಯಾಕ ಕಕ್ಕುಲಾತಿ ಬರಲಿಲ್ಲ?"

ಪ್ರಭುಲಿಂಗಪ್ಪನವರು ಮರುದಿನ ಅವಳನ್ನು ಕರೆದು ಮೆತ್ತಗೆ ಹೇಳಿದರು. "ಹುಡುಗಿ ಛಲೋ ಮಾಡಿದ್ಳು. ಹಾವೇರಿ ಕ್ಯಾಂಪಿನಿಂದ ರಾಣಿ ಪಾತ್ರ ಅಕೀಗೆ ಇರಲಿ. ನೀನು ರಾಜಮಾತೆ ಮಾಡು. ನೀರಾಗ ನೆನಿಯೂದೂ ತಪ್ಪತೈತಿ." ಅವಳು ಆಗಲಿ ಎಂದು ತಲೆಯಾಡಿಸಿದಳು.

ಸುದ್ದಿ ಕೇಳಿದ ಉಡಚಪ್ಪ ನೇರ ಮಾಲೀಕರ ಮುಂದೆ ನಿಂತು, ಜ್ವರದ ಮಾತು ಸುಳ್ಳು, ತಪ್ಪು ತನ್ನದು, ಶೇಖವ್ವನಿಗೇ ರಾಣಿ ಪಾತ್ರ ಕೊಡಬೇಕು, ಇಲ್ಲವಾದರೆ ಹಾವೇರಿಗೆ ತಾನು ಬಂದು ನೊರೆ ಮಾಡುವುದಿಲ್ಲ ಎಂದ. ಮುಖಕ್ಕೆ ಬಣ್ಣ ಹಚ್ಚುತ್ತಿದ್ದ ಶೇಖವ್ವ ಎದ್ದು ಬಂದಳು.

"ಸಾಕು ಮಾಡ್ರಿ," ಎಂದಳು ಅವನಿಗೆ. "ನಾ ರಾಣಿ ಆದದ್ದು ನಿಮ್ಮ ನೊರಿಯಿಂದ ಅಲ್ಲ. ನಿಮ್ಮ ನೊರಿ ತೋರಿಸಿ ನನಗ ಪಾತ್ರ ಕೊಡಿಸಬ್ಯಾಡ್ರಿ. ಹಾವೇರಿಗೆ ಬರ್ರಿ. ಆ ಹುಡುಗಿ ಮೈಗೂ ಒಗಿಯೋ ಪುಡಿ ಬೀಳೂದು ಬ್ಯಾಡ."

ಹಾಗೆ ಅವನು ಹಾವೇರಿಗೂ ದಿನಾ ಮಧ್ಯಾಹ್ನದ ಬಸ್ಸಿಗೆ ಬರತೊಡಗಿದ. ಅವಳು ಮಾತಾಡಲಿಲ್ಲ. ರಾಜಮಾತೆಗೆ ನಾಟಕವಿಡೀ ಒಂದು ಎತ್ತರದ ಪೀಠ, ಕೈಯಲ್ಲಿ ಕೋಲು, ಮಗಳನ್ನು ಯುದ್ಧಕ್ಕೆ ಕಳಿಸುವ ನಾಲ್ಕು ಮಾತು. ಒಂದು ದಿನ ಆ ನಾಲ್ಕು ಮಾತನ್ನು ಅವಳು ಕೂಗದೆ, ದಣಿದ ಹೆಂಗಸೊಬ್ಬಳು ಅಡಿಗೆಮನೆಯಲ್ಲಿ ಹೇಳುವಂತೆ ಹೇಳಿದಳು. ಮುಂದಿನ ಸಾಲಿನಲ್ಲಿ ಒಬ್ಬಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಶೇಖವ್ವ ಅದನ್ನು ನೋಡಿದಳು. ತಾನು ಇಷ್ಟು ದಿನ ಬಣ್ಣದಲ್ಲಿ ಮುಚ್ಚಿದ್ದ ದಣಿವು ಇಲ್ಲಿ ಕೆಲಸಕ್ಕೆ ಬಂದಿತ್ತು.

ಅಂದು ಅವಳು ಒಳಗೆ ಬಂದಾಗ ಉಡಚಪ್ಪ ಬಕೆಟ್ ತೊಳೆಯುತ್ತಿದ್ದ.

"ಹೊಸಾ ರಾಣಿ ಏನಂತಾಳ? ನೀರು ತಣ್ಣಗೈತಿ ಅಂತಾಳೇನು?"

ಎರಡು ವಾರದ ಮೇಲೆ ಬಂದ ಮೊದಲ ಮಾತು. ಅವನು ಬಕೆಟ್ ಕೆಳಗಿಟ್ಟ.

"ಅಕಿ ಮಾತಾಡೂದಿಲ್ರಿ. ನಾಟಕದ ಮಾತು ಮರಿಯೂದೂ ಇಲ್ಲ."

"ಹಂಗಾರ ನಿಮಗ ಬ್ಯಾಸರ."

"ಭಾಳ," ಎಂದ ಅವನು. ಹಾಗೆ ಹೇಳುವಾಗ ಕಣ್ಣು ತಪ್ಪಿಸಲಿಲ್ಲ. ಈ ಸಲ ತಪ್ಪಿಸಿದವಳು ಅವಳು.

ಬ್ಯಾಡಗಿ ಆ ಕಡೆಯ ಕೊನೆಯ ಕ್ಯಾಂಪು. ಅಲ್ಲಿಂದ ಕಂಪನಿ ದೂರ ವಿಜಾಪುರದ ಕಡೆ ಹೊರಟಿತ್ತು. ಅಲ್ಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರಲಾಗದು. ಅದು ಇಬ್ಬರಿಗೂ ಗೊತ್ತಿತ್ತು.

ಪರದೆಗಳನ್ನು ಸುತ್ತುವ ದಿನ ಬೆಳಿಗ್ಗೆ ಅವಳೇ ಅವನನ್ನು ಕರೆದಳು.

"ಅವತ್ತು ನಿದ್ದಿಯಿಂದ ಎದ್ದು ಬಂದು ನಿಮಗ ಯಾಕ ಬೈದೆ ಗೊತ್ತೇನು?"

"ಪ್ರಯೋಗ ತಪ್ಪಿತಲ್ಲ."

"ನಾನೂ ಹಂಗ ತಿಳದಿದ್ದೆ. ಅದಲ್ಲ. ಎದ್ದ ಮ್ಯಾಲೆ ಒಂದ ಗಳಿಗಿ ನಾಟಕಕ್ಕ ಹೋಗೂದು ಬ್ಯಾಡ ಅನಿಸಿತ್ತು. ಹಂಗ ಅನಿಸಿದ್ದಕ್ಕ ಹೆದರಿದೆ. ಹೆದರಿಕಿ ನಿಮ್ಮ ಮ್ಯಾಲೆ ಹಾಕಿದೆ."

ಉಡಚಪ್ಪ ಸುತ್ತುತ್ತಿದ್ದ ನಳಿಗೆಯನ್ನು ಕೆಳಗಿಟ್ಟ. "ನಾನೂ ಒಂದು ಹೇಳ್ತೇನ್ರಿ. ನೀವು ದಣದೀರಿ ಅಂತ ಮಾತ್ರ ನಾ ಎಬ್ಬಿಸದ ಬಿಡಲಿಲ್ಲ. ಎದ್ರ ಹೋಗ್ತೀರಲ್ಲ ಅಂತ ಬಿಟ್ಟೆ."

ಸೀನರಿಯ ಲಾರಿ ಎರಡು ಸಲ ಹಾರ್ನ್ ಹೊಡೆಯಿತು. ಅವಳು ಕದಲಲಿಲ್ಲ.

"ನಾಟಕ ಬಿಡೂದಿಲ್ಲ ನಾ."

"ಬಿಡ್ರಿ ಅಂತ ಯಾರಂದ್ರು?"

"ಮಾಲಕರಿಗೆ ಹೇಳೇನಿ. ಕಂಪನಿ ಈ ಕಡೆ ಬಂದಾಗಷ್ಟ ಪಾತ್ರ ಮಾಡ್ತೇನಿ ಅಂತ. ವರ್ಷದಾಗ ಮೂರು ತಿಂಗಳು ನಿಮ್ಮ ಮನ್ಯಾಗ ಇರೂದಿಲ್ಲ. ಫಕ್ಕೀರವ್ವಾರು ಏನಂತಾರ?"

"ಅಕ್ಕ ಹೋದ ವಾರನ ಕೇಳಿದ್ಳು, ಅಕಿ ಯಾವಾಗ ಬರ್ತಾಳ ಅಂತ. ನನ್ನ ಹಂತ್ಯಾಕ ಉತ್ತರ ಇರಲಿಲ್ಲ."

"ಈಗ ಐತಲ್ಲ."

ಸಕೀನಾಬಿ ಲಾರಿಯಿಂದ ಇಳಿದು ಬಂದು ಶೇಖವ್ವನ ಟ್ರಂಕನ್ನು ಅವಳ ಕಾಲ ಬಳಿ ಇಟ್ಟಳು. ಇಬ್ಬರು ಹೆಂಗಸರೂ ಒಬ್ಬರ ಹೆಗಲ ಮೇಲೊಬ್ಬರು ಮುಖವಿಟ್ಟು ನಿಂತರು. ಸಕೀನಾಬಿ ಹತ್ತಿದ ಮೇಲೆ ಲಾರಿ ಹೋಯಿತು.

ರಾಣೆಬೆನ್ನೂರಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಹಿಂದಿನ ಸೀಟುಗಳ ತುಂಬ ಮೆಣಸಿನಕಾಯಿ ಚೀಲ. ಉಡಚಪ್ಪ ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಬಸ್ಸು ಊರು ದಾಟಿದ ಮೇಲೆ ಪಕ್ಕಕ್ಕೆ ತಿರುಗಿ ನೋಡಿದ. ಅವಳ ಗಲ್ಲ ಒದ್ದೆಯಾಗಿತ್ತು.

"ಅಳಾಕತ್ತೀರೇನ್ರಿ?"

"ಇಲ್ಲ. ಮೆಣಸಿನಕಾಯಿ ಘಾಟು."

"ಬ್ಯಾಡಗಿ ಕಾಯಿಗೆ ಅಷ್ಟು ಖಾರ ಇರೂದಿಲ್ರಿ."

"ಇವತ್ತ ಐತಿ," ಎಂದಳು ಶೇಖವ್ವ, ಟ್ರಂಕಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಡುತ್ತ.