ಇಟಲಿಗೆ ಹೋಗಿ ಸುಮ್ಮನೆ ಕೂರುವುದು

ಆಷಾಢದಲ್ಲಿ ನನ್ನ ಗಂಡ ವಕ್ಕಲೇರಿಗೆ ಬಂದಾಗ ಅಮ್ಮ ಅವರನ್ನು ಅಂಗಳದಲ್ಲೇ ನಿಲ್ಲಿಸಿ ಕಾಫಿ ಕೊಟ್ಟಳು.

“ತಪ್ಪು ತಿಳ್ಕೋಬೇಡಿ ಅಲ್ಲುಡುಗಾರೂ,” ಎಂದಳು. ಅಳಿಯನಿಗೆ ಮರ್ಯಾದೆ ಹೆಚ್ಚು ಕೊಡಬೇಕಾದಾಗ ಅಮ್ಮನಿಗೆ ತೆಲುಗೇ ಬರುತ್ತದೆ. “ಆಷಾಢದಲ್ಲಿ ಅತ್ತೆ, ಅಳಿಯ ಒಂದೇ ಹೊಸಿಲು ದಾಟಬಾರ್ದು. ಶ್ರಾವಣ ಬರ್ಲಿ, ಒಬ್ಬಟ್ಟಿನ ಊಟಕ್ಕೆ ನಾನೇ ಕರೀತೀನಿ.”

“ಹೊಸಿಲು ದಾಟಲ್ಲ ಅತ್ತೆ. ವೀಸಾ ಪೇಪರಿಗೆ ಪವಿತ್ರ ಒಂದು ಸೈನ್ ಹಾಕ್ಬೇಕು, ಅಷ್ಟೇ.”

ನಾನು ಬಾಗಿಲ ಹಿಂದಿನಿಂದ ನೋಡುತ್ತಿದ್ದೆ. ನೋಡುವುದು ನನಗೆ ಚೆನ್ನಾಗಿ ಬರುತ್ತದೆ, ಮಾತಾಡುವುದೇ ಬರದು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟೆ. ಆಮೇಲೆ ಹಸು, ಹಾಲಿನ ಡೈರಿ, ಗೆಳತಿ ರುಮಾನಾಳ ಟೈಲರಿಂಗ್ ಅಂಗಡಿ, ಇಷ್ಟರಲ್ಲೇ ನನ್ನ ಓಡಾಟ. ಹತ್ತು ಮಾತಾಡಬೇಕಾದ ಕಡೆ ಒಂದು ‘ಹೂಂ’ ಅಂದು ಮುಗಿಸುತ್ತೇನೆ.

ಅವರು ಲೋಟ ಹಿಡಿದು ಗಂಭೀರವಾಗಿ ನಿಂತಿದ್ದರು. ಹಿಂದಿನಿಂದ ನಮ್ಮ ಕರು ಅವರ ಅಂಗಿಯ ತುದಿ ಚೀಪುತ್ತಿತ್ತು. ಅತ್ತೆಯ ಮುಂದೆ ಕರುವನ್ನು ಗದರಿಸುವುದು ಹೇಗೆಂದು ಸುಮ್ಮನಿದ್ದರು, ಪಾಪ. ನನಗೆ ನಗು ತಡೆಯಲಿಲ್ಲ. ತಟ್ಟನೆ ಅವರು ಬಾಗಿಲ ಕಡೆ ತಿರುಗಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಅವರ ಬೈಕಿನ ಸೀಟಿನ ಮೇಲೆ ಪೇಪರ್ ಇಟ್ಟು ಸೈನ್ ಹಾಕಿದೆ. ಅವರ ನೋಟ ಮೊದಲು ನನ್ನ ಕಾಲುಂಗುರದ ಮೇಲಿತ್ತು. ಅಲ್ಲಿಂದ ಬಳೆಗೆ ಬಂತು. ಮೆಲ್ಲಗೆ ಗದ್ದದವರೆಗೆ ಏರಿ ಅಲ್ಲೇ ನಿಂತುಬಿಟ್ಟಿತು. ಇನ್ನು ಸ್ವಲ್ಪ ಏರಿದ್ದರೆ ನನ್ನ ಕಣ್ಣು ಸಿಗುತ್ತಿತ್ತು.

“ಸಾಯಂಕಾಲ ಫೋನ್ ಮಾಡ್ತೀನಿ. ಪ್ಲಾನ್ ಹೇಳ್ತೀನಿ,” ಎಂದರು.

“ಹೂಂ,” ಎಂದೆ.

ನಮ್ಮದು ವೈಶಾಖದ ಮದುವೆ. ನನ್ನ ಗಂಡ ಮುನಿಕೃಷ್ಣ ಅವರದು ಮಾಲೂರಿನಲ್ಲಿ ಡ್ರಿಪ್ ಪೈಪಿನ ಅಂಗಡಿ, ಅದರ ಮೇಲೇ ಮನೆ. ಮನೆ ತುಂಬ ಜನ. ಊಟಕ್ಕೆ ಕೂತರೆ ಅವರ ಪಕ್ಕ ಮಾವ, ನನ್ನ ಪಕ್ಕ ಅತ್ತೆ. ರಾತ್ರಿ ಕೋಣೆ ಸೇರುವಷ್ಟರಲ್ಲಿ ಅವರಿಗೆ ಸುಸ್ತು, ನನಗೆ ನಾಚಿಕೆ. ಒಬ್ಬರಿಗೊಬ್ಬರು ಪರಿಚಯವಾಗುವ ಮೊದಲೇ ಆಷಾಢ ಬಂದು ನಾನು ತವರಿಗೆ ಬಂದೆ.

ಇಟಲಿ ಬಂದದ್ದು ಮಾವನ ಲೆಕ್ಕದಲ್ಲಿ. ಪೈಪ್ ಕಂಪನಿಯವರು ಚೆನ್ನಾಗಿ ವ್ಯಾಪಾರ ಮಾಡಿದ ಡೀಲರುಗಳಿಗೆ ವರ್ಷಕ್ಕೊಂದು ಫಾರಿನ್ ಟೂರ್ ಕೊಡುತ್ತಾರೆ. ಈ ಸಲ ಗಂಡ ಹೆಂಡತಿ ಇಬ್ಬರಿಗೂ ಇಟಲಿ, ಒಂದು ವಾರ. ಎಲ್ಲೆಲ್ಲಿ ಸುತ್ತಬೇಕೆಂದು ನಾವೇ ಹೇಳಿದರೆ ಸಾಕು, ಟಿಕೆಟ್ಟು, ಹೋಟೆಲು ಅವರದು. ಮಾವ ಕೋದಂಡರಾಮಪ್ಪ ಒಂದೇ ಮಾತಿನಲ್ಲಿ ಮುಗಿಸಿದರು: “ಅಷ್ಟು ದಿನ ಮುದ್ದೆ ಇಲ್ದೆ ನಾನಿರಲ್ಲಪ್ಪ. ಹೊಸಬರು ನೀವು, ಹೋಗ್ಬನ್ನಿ.”

ಡೈರಿಗೆ ಹಾಲು ಹಾಕಿ ಬರುವ ಹೊತ್ತಿಗೆ ಸರಿಯಾಗಿ ಫೋನ್ ಬಂತು.

“ರೋಮ್‌ನಲ್ಲಿ ಬೆಳಗ್ಗೆ ಇಳೀತೀವಿ. ಬ್ಯಾಗ್ ಹೋಟೆಲ್‌ನಲ್ಲಿ ಹಾಕಿ ಸೀದಾ ಕೊಲೋಸಿಯಂ. ಅಲ್ಲಿಂದ ವ್ಯಾಟಿಕನ್. ಸಾಯಂಕಾಲ ಆ ಕಾಸು ಹಾಕೋ ಕಾರಂಜಿ. ಹೆಂಗೆ?”

“ಹೂಂ.”

“ಸಾಲ್ದಾ? ನೇಪಲ್ಸ್ ಸೇರಿಸ್ತೀನಿ ಬಿಡು.”

ಮರುದಿನ ಫ್ಲಾರೆನ್ಸ್ ಬಂತು, ಅದರ ಹಿಂದೆಯೇ ಪೀಸಾ, ಬೊಲೊನ್ಯಾ. ನಾನು ಹೂಂ ಎಂದಷ್ಟೂ ಊರು ಬೆಳೆಯಿತು. ವೆನಿಸ್ಸಿನಲ್ಲಿ ದೋಣಿ ಇಳಿದ ಕೂಡಲೇ ವೆರೋನಾ ರೈಲು ಹಿಡಿಯಬೇಕು. ಮಧ್ಯಾಹ್ನದ ಊಟ ರೈಲಿನಲ್ಲೇ, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಬ್ರೆಡ್ಡಿಗೆ ಸವರಿಕೊಂಡು.

ರುಮಾನಾ ಇದನ್ನು ಕೇಳಿ ಮೆಷಿನ್ ನಿಲ್ಲಿಸಿ ನಕ್ಕಳು.

“ಅರೆ, ನಿನ್ ಗಂಡ ಟೂರ್ ಹೋಗ್ತಿಲ್ಲ ಕಣೇ, ಪೈಪ್ ಡೆಲಿವರಿಗೆ ಹೋಗ್ತಿದಾರೆ! ಲಕ್ಕೂರಲ್ಲಿ ಎರಡು ಬಂಡಲ್ ಇಳ್ಸು, ಟೇಕಲ್‌ನಲ್ಲಿ ಒಂದು ಇಳ್ಸು, ಗಾಡಿ ಖಾಲಿ ಬರಬಾರ್ದು. ನಿನ್ನೂ ಹಂಗೇ ಊರೂರಲ್ಲಿ ಇಳ್ಸಿ ಹತ್ತಿಸ್ತಾರೆ ನೋಡು.”

ನಾನೂ ನಕ್ಕೆ. ಆದರೆ ಒಳಗೆ ಚುರುಕ್ ಎಂದಿತು.

ಅವರು ವಾಟ್ಸಾಪಿನಲ್ಲಿ ಕಳಿಸಿದ ರಾಶಿ ಫೋಟೋಗಳಲ್ಲಿ ಒಂದನ್ನು ಮಾತ್ರ ನಾನು ಮತ್ತೆ ಮತ್ತೆ ನೋಡುತ್ತಿದ್ದೆ. ಕೋಮೋ ಎಂಬ ಕೆರೆ. ಸುತ್ತ ಬೆಟ್ಟ, ದಡದಲ್ಲಿ ಹಳದಿ ಗೋಡೆಯ ಮನೆಗಳು, ನೀರಿನ ಎದುರಿಗೆ ಎರಡು ಖಾಲಿ ಕುರ್ಚಿ. ಅವರ ಪ್ಲಾನಿನಲ್ಲಿ ಆ ಕೆರೆ ಇರಲಿಲ್ಲ. ಕುರ್ಚಿಯಂತೂ ಎಲ್ಲೂ ಇರಲಿಲ್ಲ. ಅವರು ಡಿಪ್ಲೊಮಾ ಓದಿದವರು. ನನ್ನಂಥವಳ ಜೊತೆ ಒಂದು ಗಂಟೆ ಸುಮ್ಮನೆ ಕೂತರೆ ಏನು ಮಾತಾಡಿಯಾರು? ಅದಕ್ಕೇ ಒಂದು ನಿಮಿಷವೂ ಬಿಡುವಿಲ್ಲದ ಹಾಗೆ ಊರು ತುಂಬುತ್ತಿದ್ದಾರೆ ಅಂದುಕೊಂಡೆ. ಹಾಗೆ ಅಂದುಕೊಂಡ ದಿನ ಊಟ ಸೇರಲಿಲ್ಲ.

ಅದನ್ನು ರುಮಾನಾ ನನ್ನ ಮುಖದಲ್ಲೇ ಓದಿದಳು. “ಇಲ್ಲಿಗೇ ಬರೋಕೆ ಹೇಳು ಅವರಿಗೆ. ನನ್ನಂಗಡಿ ಹೊಸಿಲಿಗೆ ಆಷಾಢ ಇಲ್ಲ.”

ಶನಿವಾರ ಅವರು ಬಂದರು. ಕೈಯಲ್ಲಿ ಅತ್ತೆ ಕಳಿಸಿದ ಬ್ಲೌಸ್ ಪೀಸ್. ಅಷ್ಟೊಂದು ಸಣ್ಣ ನೆಪಕ್ಕೆ ಅಷ್ಟೊಂದು ಸೆಂಟ್ ಹಾಕಿಕೊಂಡು ಬಂದಿದ್ದರು.

“ಬನ್ನಿ ಭಾಯ್, ಕೂತ್ಕೊಳ್ಳಿ,” ರುಮಾನಾ ಎದ್ದಳು. “ನಾನು ಟೀ ತರ್ತೀನಿ. ಬಸ್ ಸ್ಟ್ಯಾಂಡಿನ ಟೀನೇ ಚೆನ್ನಾಗಿರೋದು. ಬರೋದು ಲೇಟಾಗುತ್ತೆ.” ಹೋಗುತ್ತ ನನ್ನ ತೋಳಿಗೆ ಒಂದು ಚಿವುಟಿ ಹೋದಳು.

ಬೆಂಚಿನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ನಡುವೆ ಬ್ಲೌಸ್ ಪೀಸ್.

“ನಾಳೆ ಕಂಪನಿಯವರಿಗೆ ಫೈನಲ್ ಪ್ಲಾನ್ ಕಳಿಸ್ಬೇಕು. ಆಮೇಲೆ ಚೇಂಜ್ ಮಾಡೋಕಾಗಲ್ಲ,” ಎಂದು ಫೋನ್ ಮುಂದೆ ಹಿಡಿದರು. “ಹನ್ನೊಂದು ಊರಾಯ್ತು. ಮಿಲಾನ್ ಹತ್ರ ಇನ್ನೊಂದು ಕೋಟೆ ಇದೆ. ಸೇರಿಸ್ಲಾ?”

ಹೂಂ ಎಂದರೆ ಮುಗಿಯಿತು. ನನ್ನ ಕೆರೆ, ನನ್ನ ಕುರ್ಚಿ ಎಲ್ಲ ಮುಗಿಯಿತು.

“ರೀ... ಕೂತ್ಕೊಳ್ಳೋದು ಯಾವಾಗ?”

“ರೈಲಲ್ಲಿ ಕೂರ್ತೀವಲ್ಲ?”

“ಹಂಗಲ್ಲ. ಸುಮ್ನೆ ಕೂರೋದು. ಇಬ್ಬರೇ.” ಮನಸ್ಸಿನಲ್ಲಿದ್ದದ್ದನ್ನೂ ಕೇಳಿಬಿಟ್ಟೆ. “ನನ್ ಜೊತೆ ಕೂತ್ರೆ ನಿಮಗೆ ಬೇಜಾರಾಗುತ್ತೆ ಅಂತಾನಾ ಇಷ್ಟೊಂದು ಊರು?”

ಅವರು ಬೆಚ್ಚಿ ನನ್ನನ್ನೇ ನೋಡಿದರು.

“ನನಗಾ? ಬೇಜಾರಾ?” ಫೋನನ್ನು ಕೈಯಲ್ಲಿ ತಿರುಗಿಸಿದರು. “ನಿನಗೆ ಬೇಜಾರಾಗುತ್ತೆ ಅಂತ ಕಣೇ. ಏನ್ ಹೇಳಿದ್ರೂ ಹೂಂ ಅಂತೀಯ. ಇಷ್ಟ ಇದೆಯೋ ಇಲ್ವೋ ಗೊತ್ತಾಗಲ್ಲ. ನಾನೇ ನಿನಗೆ ಇಷ್ಟ ಇಲ್ವೇನೋ ಅಂತ... ಒಂದು ಊರಾದ್ರೂ ನಿನಗೆ ಹಿಡಿಸ್ಲಿ ಅಂತ ಸೇರಿಸ್ತಾನೇ ಹೋದೆ.”

ಎಂಥ ಹುಚ್ಚರು ನಾವು! ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಇನ್ನು ಮುಚ್ಚಿಡುವುದೇನು?

“ನೀವು ಕರುಗೂ ಬೈಯದೆ ನಿಂತಿದ್ರಲ್ಲ, ಆವತ್ತು ಬಾಗಿಲ ಹಿಂದೆ ಎಷ್ಟು ಹೊತ್ತು ನಿಮ್ಮನ್ನೇ ನೋಡ್ತಿದ್ದೆ ಗೊತ್ತಾ? ಯೋಚನೆ ಬಂದ್ರೆ ಕಾಲರ್ ತುದಿ ಮಡಚ್ತೀರಿ. ನಗೋ ಮುಂಚೆ ಎಡಗಣ್ಣು ಸಣ್ಣ ಮಾಡ್ತೀರಿ. ನನಗೆ ಅದನ್ನೇ ನೋಡ್ತಾ ಕೂರೋಕೆ ಇಷ್ಟ. ಮಾತು ಬರಲ್ಲ, ಅಷ್ಟೇ.”

ಅವರ ಕಿವಿ ಕೆಂಪಾಯಿತು. ಈ ಸಲ ಅವರ ನೋಟ ಗದ್ದದಲ್ಲಿ ನಿಲ್ಲಲಿಲ್ಲ.

“ಎಲ್ಲಿ ಕೂರೋಣ ಹೇಳು,” ಎಂದರು ಮೆಲ್ಲಗೆ.

ಫೋಟೋ ತೋರಿಸಿದೆ.

“ಕೆರೆ ನೋಡೋಕೆ ಇಟಲಿಗೆ ಹೋಗ್ಬೇಕಾ? ವಕ್ಕಲೇರಿಯಲ್ಲೇ ಇದೆಯಲ್ಲ?”

“ಇಲ್ಲಿ ಕೆರೆ ಏರಿ ಮೇಲೆ ನಾವಿಬ್ರು ಕೂತ್ರೆ, ಎದ್ದು ಬರೋಷ್ಟರಲ್ಲಿ ಅಮ್ಮನಿಗೆ ನಾಲ್ಕು ಜನ ಹೇಳಿರ್ತಾರೆ. ಅಲ್ಲಿ ನಮ್ಮನ್ನ ಯಾರು ಕೇಳ್ತಾರೆ?”

ಅವರು ಜೋರಾಗಿ ನಕ್ಕರು. ನಕ್ಕು ಫೋನನ್ನು ನನ್ನ ಕೈಗೇ ಕೊಟ್ಟರು. ನಾನು ಒಂದೊಂದೇ ಊರು ಅಳಿಸಿದೆ. ಕೋಟೆ ಸೇರಲೇ ಇಲ್ಲ, ವೆರೋನಾ ಹೋಯಿತು, ಬೊಲೊನ್ಯಾ, ನೇಪಲ್ಸ್ ಹೋದವು. ಪೀಸಾ ಮೇಲೆ ಬೆರಳಿಟ್ಟಾಗ ಅವರು ಕೈ ಹಿಡಿದರು.

“ಪೀಸಾ ಅಳಿಸ್ಬೇಡ ಪ್ಲೀಸ್! ನನ್ ಮಗ ವಾಲಿರೋ ಗೋಪುರ ನೋಡ್ತಾನೆ ಅಂತ ಅಪ್ಪ ಮಾಲೂರಿಗೆಲ್ಲ ಸಾರಿದಾರೆ.”

“ಸರಿ, ಮಾವನಿಗೋಸ್ಕರ ಪೀಸಾ ಇರ್ಲಿ.”

“ನಿನಗೆ?”

“ಕೆರೆ. ಮೂರು ದಿನ.”

“ಮತ್ತೆ ನನಗೆ?”

ಎಲ್ಲಿತ್ತೋ ಅಷ್ಟು ಧೈರ್ಯ! ಅವರ ಕಣ್ಣನ್ನೇ ನೋಡಿ ಹೇಳಿದೆ: “ನಾನಿರ್ತೀನಲ್ಲ.”

ಅವರು ಹಿಡಿದ ಕೈಯನ್ನು ಬಿಡಲಿಲ್ಲ.

“ಕೂರೋಕೆ ಬರುತ್ತೋ ಇಲ್ವೋ, ಈಗ್ಲೇ ಪ್ರಾಕ್ಟೀಸ್ ಮಾಡೋಣ,” ಎಂದು ಬ್ಲೌಸ್ ಪೀಸನ್ನು ಆಚೆಗಿಟ್ಟು ನನ್ನ ಪಕ್ಕಕ್ಕೆ ಸರಿದರು. ಅವರ ಮೊಣಕಾಲು ಸುಮ್ಮನಿರಲಾರದೆ ಕುಣಿಯುತ್ತಿತ್ತು. ಮೆಲ್ಲಗೆ ಅದೂ ನಿಂತಿತು. ಫೋನ್ ಬಡಿದುಕೊಂಡಿತು, ಅಂಗಡಿಯಿಂದ ಮಾವ. ಅವರು ಅದನ್ನು ಮಗುಚಿಟ್ಟರು. ರಸ್ತೆಯಲ್ಲಿ ನರಸಾಪುರದ ಫ್ಯಾಕ್ಟರಿಯ ಬಸ್ಸು ಧೂಳೆಬ್ಬಿಸಿ ಹೋಯಿತು. ನಾವಿಬ್ಬರೂ ಅದು ತಿರುಗಿ ಮರೆಯಾಗುವವರೆಗೆ ನೋಡಿದೆವು, ಬಹಳ ಚೆಂದದ್ದನ್ನು ನೋಡುವ ಹಾಗೆ.

ರುಮಾನಾ ಟೀ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು.

“ಯಾ ಅಲ್ಲಾ, ಯಾಕಿಷ್ಟು ಸುಮ್ನಿದೀರಾ? ಜಗಳ ಆಡಿದ್ರಾ?”

ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: “ಶ್! ಇಟಲಿಯಲ್ಲಿದೀವಿ.”

ಅವಳು ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು, ಬೆಂಚಿನ ಮೇಲೆ ಹೆಣೆದುಕೊಂಡಿದ್ದ ಕೈ ನೋಡಿದಳು.

“ಹೌದಾ? ಇಲ್ಲಿ ವಕ್ಕಲೇರಿ ಟೀ ಆರ್ಹೋಗ್ತಿದೆ ಮಹಾರಾಣಿ.”

“ಆರ್ಲಿ ಬಿಡೇ,” ಎಂದೆ.