ಇಡ್ಲಿ ತಟ್ಟೆಯಲ್ಲಿ ಎಂಟು ಕಾಯಿಲ್

“ಕೆಮ್ಮು ಇದ್ದದ್ದು ಆ ಕಾರಿಗಲ್ವಾ? ಇದ್ಯಾಕೆ ಕೆಮ್ತಾ ಇದೆ?”

ನೀಲಾಂಬಿಕ ಟೀಚರ್ ತಮ್ಮ ಕೆಂಪು ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು. ಕಾರು ಗಡಗಡ ನಡುಗಿತು. ಗುರ್ ಎಂದಿತು. ಮತ್ತೆ ನಡುಗಿತು. ಹಿಂದಿನ ಸೀಟಿನಲ್ಲಿದ್ದ ಹೋಳಿಗೆ ಡಬ್ಬಿಯ ಮುಚ್ಚಳ ಠಣ್ ಎಂದು ಕೆಳಗೆ ಬಿತ್ತು.

ಫಿರ್ದೋಸ್‌ಗೆ ನಗು ತಡೆಯಲಾಗಲಿಲ್ಲ. ಐದನೇ ಕ್ಲಾಸಿನಲ್ಲಿ ದಿನಾ “ಅಲುಗಾಡದೆ ಕೂತ್ಕೊಳ್ಳಿ” ಎನ್ನುವ ಅವಳ ಟೀಚರೇ ಈಗ ಸೀಟಿನ ಮೇಲೆ ಕುಣಿಯುತ್ತಿದ್ದರು!

ಶಿರಾಳಕೊಪ್ಪದ ಈ ಗ್ಯಾರೇಜು ಫಿರ್ದೋಸಳ ಅಬ್ಬಾ ಅಲ್ಲಾವುದ್ದೀನರದು. ಮುಂದೆ ಗ್ಯಾರೇಜು, ಹಿಂದೆ ಮನೆ. ಟ್ರ್ಯಾಕ್ಟರು, ಜೀಪು, ಆಟೊ, ಎಲ್ಲದರ ನಾಡಿಯೂ ಅಬ್ಬಾಗೆ ಗೊತ್ತು. ಆದರೆ ಹೈಬ್ರಿಡ್ ಕಾರು ಇಲ್ಲಿಗೆ ಬಂದದ್ದು ಇದೇ ಮೊದಲು. ಅದೂ ಒಂದೇ ವಾರದಲ್ಲಿ ಎರಡು! ಹೈಬ್ರಿಡ್ ಕಾರಿನೊಳಗೆ ಪೆಟ್ರೋಲ್ ಇಂಜಿನ್ನೂ ಇರುತ್ತದೆ, ಬ್ಯಾಟರಿಯ ಮೋಟಾರೂ ಇರುತ್ತದೆ. ಹೊರಡುವಾಗ ಬ್ಯಾಟರಿ. ಬೆಕ್ಕು ನಡೆದ ಹಾಗೆ, ಸದ್ದೇ ಇಲ್ಲ. ಸ್ವಲ್ಪ ದೂರ ಹೋದ ಮೇಲೆ ಇಂಜಿನ್‌ಗೆ ಎಚ್ಚರವಾಗುತ್ತದೆ.

“ಹೈಬ್ರಿಡ್ಡಾ? ಅದು ಅಲ್ಲಾವುದ್ದೀನ್ ಕೈಲಿ ಆಗಲ್ಲ, ಶಿವಮೊಗ್ಗಕ್ಕೇ ಒಯ್ರಿ” ಎಂದು ಊರಿನವರು ಹೇಳುತ್ತಿದ್ದರು. ಅಬ್ಬಾ ನಾಲ್ಕು ದಿನ ಊಟದ ಮುಂದೆ ಕೂತರೂ ಫೋನಿನಲ್ಲಿ ಹೈಬ್ರಿಡ್ ವಿಡಿಯೋ ನೋಡಿದ್ದೇ ನೋಡಿದ್ದು. “ಈ ಎರಡು ಕಾರು ಚೆನ್ನಾಗಿ ಹೊರಡಲಿ ಬೇಟಿ, ಬೋರ್ಡಿನ ಮೇಲೆ ಹೈಬ್ರಿಡ್ ಅಂತ ದೊಡ್ಡದಾಗಿ ಬರೆಸ್ತೀನಿ” ಎಂದಿದ್ದರು.

ಬಿಳಿ ಕಾರು ಪಕ್ಕದ ಹಳ್ಳಿಯ ರಾಜಪ್ಪನವರದು. ಸೆಕೆಂಡ್ ಹ್ಯಾಂಡ್. ಕೆಮ್ಮುತ್ತಾ ಬಂದದ್ದು ಅದು. ಟೀಚರ ಕೆಂಪು ಕಾರು ಬಂದದ್ದು ಬರೀ ಪ್ಲಗ್ ಬದಲಾಯಿಸಲು. ಎರಡೂ ಒಂದೇ ಕಂಪನಿಯವು, ಮಾಡೆಲ್ ಬೇರೆ.

ಈಗ ನೋಡಿದರೆ ಬಿಳಿ ಕಾರು ಬಸ್ ಸ್ಟ್ಯಾಂಡಿನ ತನಕ ಎರಡು ಸಲ ಹೋಗಿ ಬಂದರೂ ಒಂದು ಸಲವೂ ಕೆಮ್ಮಿರಲಿಲ್ಲ. ರಾಜಪ್ಪನವರು ಬಾನೆಟ್ ತಟ್ಟಿ ತಟ್ಟಿ ನಗುತ್ತಿದ್ದರು. “ಅಲ್ಲಾವುದ್ದೀನ್ ಭಾಯ್, ನಿಮ್ಮ ಕೈಗೆ ಸಕ್ಕರೆ ಹಾಕ್ಬೇಕು ನೋಡ್ರಿ!”

ಟೀಚರ್ ಮಾತ್ರ ನಗಲಿಲ್ಲ. “ಚೆನ್ನಾಗಿದ್ದ ಗಾಡಿ ತಂದು ಬಿಟ್ಟಿದ್ದೆ. ಹನ್ನೊಂದಕ್ಕೆ ಸೊರಬದಲ್ಲಿ ನನ್ನ ತಂಗಿ ನಿಶ್ಚಿತಾರ್ಥ. ಉಂಗುರ ನನ್ನ ಪರ್ಸಲ್ಲಿದೆ! ಶಿವಮೊಗ್ಗಕ್ಕೇ ಹೋಗು ಅಂತ ಎಲ್ಲರೂ ಬಡ್ಕೊಂಡ್ರು. ನಾನೇ ಕೇಳ್ಲಿಲ್ಲ.”

“ಮೇಡಂ, ನಿಮ್ಮದಕ್ಕೆ ಪ್ಲಗ್ ಬಿಟ್ರೆ ನಾನು ಬೇರೇನೂ ಮುಟ್ಟಿಲ್ಲ” ಎಂದರು ಅಬ್ಬಾ. ಅವರ ಮುಖ ಸಣ್ಣದಾಗಿತ್ತು. ಫಿರ್ದೋಸಳ ನಗು ಅಲ್ಲೇ ನಿಂತುಹೋಯಿತು.

ಅಷ್ಟರಲ್ಲಿ ಹಿತ್ತಲಿನಿಂದ ಅಬ್ಬಾನ ಅಮ್ಮ, ದಾದಿ ಕುಬ್ರಾ ಬೀ ಅವರ ಕೂಗು ಕೇಳಿತು. ಗೋಡೆಯಾಚೆಯ ಮನೆಯವರ ಜೊತೆ ಜಗಳ. “ನೆಟ್ಟಗೆ ಹುಡುಕ್ರೀ ಮಹಾದೇವಮ್ಮಾ! ನಮ್ಮ ಇಡ್ಲಿ ತಟ್ಟೆಗೆ ಕಾಲು ಬಂದು ಓಡಿ ಹೋಯ್ತಾ? ಕೇಳಿ ಇಸ್ಕೊಂಡು ಹೋಗೋರು ನೀವೊಬ್ರೇ!”

ಇಡ್ಲಿ ತಟ್ಟೆ!

ಫಿರ್ದೋಸಳ ಕಣ್ಣು ಬೆಂಚಿನ ಮೇಲೆ ಹೋಯಿತು. ಅಲ್ಲೇ ಇದ್ದವು, ಎರಡು ತಟ್ಟೆ, ತಟ್ಟೆಗೆ ನಾಲ್ಕು ಕುಳಿ. ಅವನ್ನು ಅಡುಗೆಮನೆಯಿಂದ ಮೆಲ್ಲಗೆ ತಂದವರು ಅಬ್ಬಾ. “ದಾದಿಗೆ ಹೇಳ್ಬೇಡ” ಎಂದು ಕಣ್ಣು ಹೊಡೆದಿದ್ದರು. ಕಾರಿಗೆ ನಾಲ್ಕು ಕಾಯಿಲ್. ಪ್ಲಗ್ಗಿಗೆ ಕಿಡಿ ಕೊಡುವುದು ಅವೇ. ನೋಡಲು ಕರಿ ಟಾರ್ಚಿನ ಹಾಗೆ. ಬಿಚ್ಚಿದ ಕಾಯಿಲ್‌ಗಳನ್ನು ಅಬ್ಬಾ ತಟ್ಟೆಯಲ್ಲಿ ಇಟ್ಟಿದ್ದರು, ಮೇಲಿನದರಲ್ಲಿ ಬಿಳಿ ಕಾರಿನವು, ಕೆಳಗಿನದರಲ್ಲಿ ಕೆಂಪು ಕಾರಿನವು. ಒಂದೊಂದು ಕುಳಿಗೆ ಒಂದೊಂದು. “ಬಿಚ್ಚಿದ್ದು ಬಿಚ್ಚಿದ ಜಾಗಕ್ಕೇ ಹೋಗ್ಬೇಕು. ಇದನ್ನ ಯಾರೂ ಮುಟ್ಬಾರದು” ಎಂದಿದ್ದರು ಅಬ್ಬಾ.

ನಿನ್ನೆ ಫಿರ್ದೋಸ್ ಮುಟ್ಟಿದ್ದಳು. ಕಾಯಿಲ್‌ಗಳು ಧೂಳಾಗಿವೆ, ಒರೆಸಿಟ್ಟರೆ ಅಬ್ಬಾ ಖುಷಿಪಡುತ್ತಾರೆ ಅಂದುಕೊಂಡಿದ್ದಳು. ಎಂಟನ್ನೂ ಪೇಪರಿನ ಮೇಲೆ ಹರಡಿ, ಹಳೆ ಬನಿಯನ್ನಿನಲ್ಲಿ ಫಳಫಳ ಒರೆಸಿ, ಮೇಲೆ ನಾಲ್ಕು, ಕೆಳಗೆ ನಾಲ್ಕು ಇಟ್ಟಿದ್ದಳು. ಲೆಕ್ಕ ಸರಿಯಾಗಿತ್ತು. ಯಾವುದು ಯಾವ ಕಾರಿನದು ಅಂತ ಆಗ ಯೋಚಿಸಿರಲಿಲ್ಲ. ಅಬ್ಬಾ ಇವತ್ತು ಬೆಳಿಗ್ಗೆ ಅವನ್ನು ಹಾಗೇ ಎರಡೂ ಕಾರಿಗೆ ಹಾಕಿಬಿಟ್ಟಿದ್ದರು.

ಹೇಳಿದರೆ ಟೀಚರ ಎದುರಿಗೇ ಬೈಗುಳ. ಹೇಳದಿದ್ದರೆ? ಅಬ್ಬಾ ಟಾರ್ಚ್ ಹಿಡಿದು ಕೆಂಪು ಕಾರಿನೊಳಗೆ ಇಣುಕುತ್ತಲೇ ಇದ್ದರು. ತಪ್ಪು ಕಾರಿನದಲ್ಲ, ತನ್ನದು ಎಂದು ಅವಳಿಗೆ ಗೊತ್ತಿತ್ತು, ಪಾಪ, ಅವರಿಗೆ ಗೊತ್ತಿರಲಿಲ್ಲ. ನಾಳೆ ಊರೆಲ್ಲ, “ಹೇಳಿರ್ಲಿಲ್ವಾ, ಶಿವಮೊಗ್ಗಕ್ಕೆ ಒಯ್ರಿ ಅಂತ?” ಎನ್ನುತ್ತದೆ.

ಅವಳ ಕಾಲಿನ ಹೆಬ್ಬೆರಳು ತಾನಾಗಿಯೇ ನೆಲ ಕೆರೆಯತೊಡಗಿತು.

“ಅಬ್ಬಾ, ಒಂದು ಮಾತು...”

“ಆಮೇಲೆ, ಬೇಟಿ.”

“ಈಗ್ಲೇ ಹೇಳ್ಬೇಕು. ಕಾಯಿಲ್ ಕಲಸಿದ್ದು ನಾನು. ಒರೆಸಿದೆ. ಎಂಟೂ ಒಟ್ಟಿಗೆ.”

ಅಬ್ಬಾ ಅವಳನ್ನು ನೋಡಿದರು. ಬಿಳಿ ಕಾರು ನೋಡಿದರು. ಕೆಂಪು ಕಾರು ನೋಡಿದರು. ಇದ್ದಕ್ಕಿದ್ದಂತೆ ಹಣೆ ಹಣೆ ಚಚ್ಚಿಕೊಂಡರು.

“ಅರೆ! ಮಾಡೆಲ್ ಬೇರೆ, ಕಾಯಿಲ್ ಮೇಲಿನ ನಂಬರೂ ಬೇರೆ. ಇದರದು ಅದಕ್ಕೆ ಕೂರುತ್ತೆ ಅಂತ ನಂಗೆ ಹೊಳೀಲೇ ಇಲ್ವಲ್ಲ! ಎರಡು ದಿನದಿಂದ ಬಿಳಿ ಕಾರಿನ ವೈರೆಲ್ಲಾ ಜಾಲಾಡ್ತಾ ಇದ್ದೆ. ಕೆಮ್ಮು ಕಾಯಿಲ್ ಜೊತೆ ಕೆಂಪು ಕಾರಿಗೆ ಬಂದಿದೆ ಅಂದ್ರೆ ಕಳ್ಳ ಕಾಯಿಲ್ಲೇ! ಆದ್ರೆ ಈ ನಾಲ್ಕರಲ್ಲಿ ಯಾವುದು?”

ಆಮೇಲಿನ ಅರ್ಧ ಗಂಟೆ ಹಬ್ಬವೇ ಹಬ್ಬ. ಅಬ್ಬಾ ಕೆಂಪು ಕಾರಿನ ಒಂದು ಕಾಯಿಲ್ ತೆಗೆದು ಬಿಳಿ ಕಾರಿಗೆ, ಬಿಳಿಯದೊಂದು ಕೆಂಪಿಗೆ ಹಾಕಿದರು. ಇಂಜಿನ್‌ಗಳು ಏಳಲೇ ಒಲ್ಲವು! ಬ್ಯಾಟರಿ ಖಾಲಿಯಾದರೆ ಬೇಗ ಏಳುತ್ತವೆ ಎಂದು ಎರಡೂ ಕಾರಿನಲ್ಲಿ ಎಸಿ ಜೋರಾಗಿ ಹಚ್ಚಿದರು. ರಾಜಪ್ಪನವರು ಬಿಳಿ ಕಾರಿನೊಳಗೆ ಟವೆಲ್ ಹೊದ್ದು ಕೂತರು. ಟೀಚರ್ ಕೆಂಪು ಕಾರಿನೊಳಗೆ ರೇಷ್ಮೆ ಸೆರಗು ಹೊದ್ದು ಕೂತರು.

“ಕೆಂಪು ಕೆಮ್ತಾ ಇದೆ!” ಫಿರ್ದೋಸ್ ಕೂಗಿದಳು.

ಎರಡನೆಯ ಕಾಯಿಲ್. “ಇನ್ನೂ ಕೆಂಪೇ!”

ಮೂರನೆಯದು. ಎಲ್ಲರೂ ಉಸಿರು ಹಿಡಿದರು. ಕೆಂಪು ಕಾರು ಹಾಯಾಗಿ ಗುಂಯ್ ಎಂದಿತು. ಬಿಳಿ ಕಾರು ಗಡ್, ಗಡ್, ಗಡಗಡಗಡ!

“ಕೆಮ್ತು! ಬಿಳಿ ಕೆಮ್ತು!” ಫಿರ್ದೋಸ್ ಕುಣಿದಳು. ಟೀಚರ್ ಚಪ್ಪಾಳೆ ತಟ್ಟಿದರು. ಕಾರು ಕೆಟ್ಟಿತೆಂದು ಚಪ್ಪಾಳೆ ತಟ್ಟಿದ ಗ್ಯಾರೇಜು ಲೋಕದಲ್ಲಿ ಇದೊಂದೇ ಇರಬೇಕು.

“ಅಯ್ಯೋ, ನನ್ನ ಕೆಮ್ಮು ನನಗೇ ವಾಪಸ್ ಕೊಟ್ರಲ್ರೀ!” ರಾಜಪ್ಪನವರು ಟವೆಲ್ಲಿನೊಳಗಿಂದ ಗೋಳಾಡಿದರು. “ನಾನು ಮಗಳ ಮನೆಗೆ ಹೋಗ್ಬೇಕಿತ್ತು, ಸೊರಬಕ್ಕೆ.”

“ಹೊಸ ಕಾಯಿಲ್ ನಾಳೆ ತರಿಸ್ತೀನಿ ರಾಜಪ್ಪಣ್ಣ. ರೋಗ ಗೊತ್ತಾಯ್ತಲ್ಲ” ಎಂದರು ಅಬ್ಬಾ.

“ಸೊರಬಕ್ಕಾ? ಹಂಗಾದ್ರೆ ನನ್ನ ಗಾಡಿ ಹತ್ತಿ” ಎಂದರು ಟೀಚರ್. “ಆದ್ರೆ ಹೋಳಿಗೆ ಡಬ್ಬಿ ನಿಮ್ಮ ತೊಡೆ ಮೇಲೆ. ಮುಚ್ಚಳ ತೆಗೀಬಾರದು!”

ಅಬ್ಬಾ ನಂಬರು ನೋಡಿ ಕೆಂಪು ಕಾರಿನ ನಾಲ್ಕೂ ಕಾಯಿಲ್ ಅದಕ್ಕೇ ಹಾಕಿದರು. ಕೆಂಪು ಕಾರು ಸದ್ದಿಲ್ಲದೆ ಹೊರಟಿತು. ಟೀಚರ್ ಕಿಟಕಿಯಿಂದ ಕೂಗಿದರು, “ಅಲ್ಲಾವುದ್ದೀನ್ ಅವರೇ, ಶಿವಮೊಗ್ಗ ಬೇಡ, ನೀವೇ ಸಾಕು!” ತಿರುವಿನಲ್ಲಿ ಇಂಜಿನ್‌ಗೆ ಎಚ್ಚರವಾಯಿತು. ಒಂದು ಕೆಮ್ಮೂ ಇಲ್ಲ.

ಇನ್ನು ಬೈಗುಳ ಬರುತ್ತದೆಂದು ಫಿರ್ದೋಸ್ ಕಾದಳು. ಅಬ್ಬಾ ಬಾಯಿ ತೆರೆದರು ಕೂಡ. ಅಷ್ಟರಲ್ಲಿ ಹಿಂದಿನಿಂದ ದಾದಿ ಬಂದರು.

“ಆ ಮಹಾದೇವಮ್ಮ ನನ್ನ ಹತ್ರ ಇಲ್ಲವೇ ಇಲ್ಲ ಅಂತ ಕಣ್ಣಲ್ಲಿ ನೀರು ಹಾಕ್ತಾಳೆ! ನೋಡು ನಾಟಕ!”

ಅಬ್ಬಾ ಚಟಕ್ಕನೆ ಇಡ್ಲಿ ತಟ್ಟೆಗಳನ್ನು ಬೆನ್ನ ಹಿಂದೆ ಹಿಡಿದುಕೊಂಡರು. ಫಿರ್ದೋಸ್ ಅವರ ಕಾಲು ನೋಡಿದಳು. ಚಪ್ಪಲಿಯಿಂದ ಹೊರಬಂದ ಹೆಬ್ಬೆರಳು ನೆಲ ಕೆರೆಯುತ್ತಿತ್ತು. ಹತ್ತಿರ ಹೋಗಿ ಪಕ್ಕದಲ್ಲಿ ನಿಂತಳು, ಅಷ್ಟೇ.

“ಅಮ್ಮೀ, ಒಂದು ಮಾತು...” ಎಂದರು ಅಬ್ಬಾ.

ದಾದಿ ತಟ್ಟೆಗಳನ್ನು ನೋಡಿದರು. ಮೂಸಿದರು. “ಇದ್ರಲ್ಲಿ ಇಡ್ಲಿ ಹಾಕಿದ್ರೆ ತಿಂದೋರೆಲ್ಲಾ ಸ್ಟಾರ್ಟ್ ಆಗ್ತಾರೆ!” ಎಂದು ಗುಡುಗಿದರು. ಅಬ್ಬಾನ ಬೆನ್ನಿಗೆ ಒಂದು ಗುದ್ದು ಬಿತ್ತು. ಆಮೇಲೆ ದಾದಿಯ ಕಣ್ಣು ಹಿತ್ತಲ ಕಡೆ ಹೊರಳಿತು. ತಟ್ಟೆ ಹಿಡಿದುಕೊಂಡೇ ಹಿತ್ತಲಿಗೆ ಹೋದರು.

ಫಿರ್ದೋಸ್ ಹಿಂದೆಯೇ ಓಡಿ ಬಾಗಿಲ ಮರೆಯಲ್ಲಿ ನಿಂತಳು. ದಾದಿ ಗೋಡೆಯ ಹತ್ತಿರ ಹೋಗಿ ನಿಂತರು. ಬೀದಿಗೆಲ್ಲ ಕೇಳುವ ಅವರ ದನಿ ಈಗ ಫಿರ್ದೋಸ್‌ಗೂ ಸರಿಯಾಗಿ ಕೇಳಿಸಲಿಲ್ಲ.

“ಮಹಾದೇವಮ್ಮಾ... ಒಂದು ಮಾತು...”

ದಾದಿಯ ಸೀರೆಯಂಚಿನ ಕೆಳಗೆ ಹೆಬ್ಬೆರಳು ಮೆಲ್ಲಗೆ ಮಣ್ಣು ಕೆರೆಯುತ್ತಿತ್ತು.