ಸಾಲಿನಲ್ಲಿ ನಿಂತ ಡಬ್ಬಿಗಳು

ಬೆಳಗಿನ ಆರೂವರೆಗೆ ಹಳೇ ಹುಬ್ಬಳ್ಳಿಯ ಕೆರೆದಂಡೆ ಓಣಿಯ ನಡುವೆ ಐದು ಅಂತಸ್ತಿನ ಮಾರಾಟಸೌಧ ಎದ್ದು ನಿಂತಿತು. ಇಟ್ಟಿಗೆ ಇಲ್ಲ, ಸಿಮೆಂಟು ಇಲ್ಲ. ಬೆಳಕೇ ಗೋಡೆ, ಬೆಳಕೇ ಮೆಟ್ಟಿಲು, ಓಡಾಡುವ ಗಿರಾಕಿಗಳೂ ಬೆಳಕೇ. ಹಾಲಿನವನ ಸ್ಕೂಟರು ಗಾಜಿನ ಹೆಬ್ಬಾಗಿಲಿನೊಳಗೆ ಸಲೀಸಾಗಿ ನುಗ್ಗಿ, ಬೂಟಿನ ಅಂಗಡಿಯನ್ನು ಹಾದು, ಎಂದಿನಂತೆ ದರ್ಜಿ ಹಸೀನಾಬಿಯ ಮನೆಯ ಮುಂದೆ ನಿಂತಿತು. ಓಣಿಯ ನಾಯಿ ಕಾರಂಜಿಯ ನೀರು ಕುಡಿಯಲು ಹೋಗಿ, ನಾಲಿಗೆಗೆ ಏನೂ ತಾಗದೆ, ಯಾರಾದರೂ ನೋಡಿದರೇನೋ ಎಂಬಂತೆ ಅತ್ತಿತ್ತ ನೋಡಿ ಮಲಗಿತು.

ನಾಲ್ಕು ಮೂಲೆಯ ಕಂಬಗಳ ಮೇಲಿದ್ದ ಮುನ್ಬಿಂಬಕ ಎಂಬ ಯಂತ್ರದ ಕೆಲಸ ಅದು. ಜನ ತುಂಬಿದ ಹಳೆಯ ಓಣಿಯಲ್ಲಿ ದೊಡ್ಡ ಮಳಿಗೆ ಕಟ್ಟುವವರು, ಮೊದಲು ಹದಿನೈದು ದಿನ ಅದರ ಬಿಂಬವನ್ನು ಅದೇ ಜಾಗದಲ್ಲಿ ನಿಲ್ಲಿಸಬೇಕೆಂಬುದು ಆ ಕಾಲದ ನಗರ ನಿಯಮ. ಓಣಿಯವರು ಅದರೊಳಗೇ ತಮ್ಮ ಎಂದಿನ ಬಾಳು ನಡೆಸಬೇಕು. ಯಂತ್ರ ಅವರ ಹೆಜ್ಜೆಗಳನ್ನು ಓದುತ್ತದೆ. ಯಾರು ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು ಎಂಬ ಅಳತೆಗೆ ‘ತಂಗುಮಾನ’ ಎಂದು ಹೆಸರು. ತಂಗುಮಾನ ಚೆನ್ನಾಗಿರುವ ಹಳೆಯ ಅಂಗಡಿಗೆ ಹೊಸ ಸೌಧದಲ್ಲಿ ಜಾಗ ಸಿಗುತ್ತದೆ. ಇಲ್ಲದ್ದಕ್ಕೆ ಪರಿಹಾರ ಕೊಟ್ಟು ಕಳಿಸುತ್ತಾರೆ. ಪ್ರತಿ ನಸುಕಿನಲ್ಲಿ ಯಂತ್ರ ತಾನೇ ನಕ್ಷೆಯನ್ನು ತಿದ್ದುತ್ತದೆ. ಹದಿನೈದನೆಯ ದಿನದ ನಕ್ಷೆಯೇ ಕೊನೆಯದು.

ಯಂತ್ರದ ಓದುಗಣ್ಣನ್ನು ರೂಪಿಸಿದವಳು ಡಾ. ವೈಜಯಂತಿ ಸವಣೂರ. ದಿನಾ ಧಾರವಾಡದಿಂದ ಬಂದು, ಓಣಿಯ ತುದಿಯ ಡೇರೆಯಲ್ಲಿ ಕುಳಿತು ನಕ್ಷೆ ಹೇಗೆ ಬೆಳೆಯುತ್ತದೆಂದು ನೋಡುವುದು ಅವಳಿಗೆ ಅರಳುವ ಹೂವನ್ನು ನೋಡಿದಷ್ಟು ಕುತೂಹಲದ ಸಂಗತಿ. ಐದನೆಯ ಬೆಳಿಗ್ಗೆ ಆ ಡೇರೆಯ ಪರದೆ ಸರಿಸಿ ಒಬ್ಬ ಹೆಂಗಸು ಒಳಗೆ ಬಂದಳು. ಕೂದಲು, ಹುಬ್ಬು, ಸೀರೆಯ ಸೆರಗು ಎಲ್ಲ ಹಿಟ್ಟಿನಿಂದ ಬೆಳ್ಳಗಾಗಿದ್ದವು. ಓಣಿಯ ಹಿಟ್ಟಿನ ಗಿರಣಿ ನಡೆಸುವ ನೀಲಗಂಗವ್ವ.

“ಅಕ್ಕಾರ, ನಿಮ್ಮ ಬೆಳಕಿನ ಮನಿಯಾಗ ನನ್ನ ಗಿರಣಿ ಎಲ್ಲಿ ಹೋತ್ರಿ? ನಿನ್ನಿ ತನಕ ಇತ್ತು. ಇವತ್ತ ನೋಡಿದ್ರ ಗಿರಣಿ ಬಾಯಾಗಿಂದ ಮೆಟ್ಟಲಾ ಎದ್ದಾವು. ಜ್ವಾಳಾ ಸುರುವಾಕ ಹ್ವಾದ್ರ ಒಬ್ಬಾಕಿ ಬೆಳಕಿನ ಹುಡುಗಿ ನನ್ನ ಮೈಯಾಗಿಂದನ ಇಳದ ಹ್ವಾದ್ಲು!”

ವೈಜಯಂತಿ ತೆರೆಯನ್ನು ನೋಡಿದಳು. ಗಿರಣಿಯ ತಂಗುಮಾನ ಓಣಿಯಲ್ಲೇ ಕಡಿಮೆ. ಬಂದವರು ಅರ್ಧ ನಿಮಿಷವೂ ನಿಂತಿರಲಿಲ್ಲ.

“ನೀಲಗಂಗವ್ವಾರ, ನಿಮ್ಮ ಗಿರಣಿ ಮುಂದ ಯಾರೂ ನಿಂದರೂದಽ ಇಲ್ಲ ಅಂತದ ಯಂತ್ರ.”

“ಯಾರೂ ನಿಂದರೂದಿಲ್ಲಾ? ನಿಮ್ಮ ಯಂತ್ರದ ಕಣ್ಣಿಗೆ ಪೊರಿ ಬಂದೈತಿ, ತಗಸ್ರಿ. ಇಪ್ಪತ್ತಾರು ವರ್ಷದಾಗ ಸಾಲು ಹಚ್ಚದ ಒಂದ ದಿನಾ ನಾ ಕಂಡಿಲ್ಲ. ಪರಿಹಾರದ ಮಾತ ಆಡಬ್ಯಾಡ್ರಿ. ಗಿರಣಿ ಬಿಟ್ರ ನನಗ ಬ್ಯಾರೆ ಕೆಲಸ ಬರೂದಿಲ್ಲ, ಬ್ಯಾರೆ ಮಂದಿನೂ ಗೊತ್ತಿಲ್ಲ.”

ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ವೈಜಯಂತಿಗೆ ಗೊತ್ತಿತ್ತು. ಈ ಹೆಂಗಸಿನ ಮುಖವೂ ಸುಳ್ಳು ಹೇಳುವಂತಿರಲಿಲ್ಲ. ಎರಡೂ ನಿಜವಾಗಿರುವುದು ಹೇಗೆ? ಅವಳು ಎದ್ದು ಹೊರಟೇಬಿಟ್ಟಳು.

ಗಿರಣಿಯ ಮುಂದೆ ಸಾಲು ಇತ್ತು. ಸ್ಟೀಲಿನ ಡಬ್ಬಿಗಳು, ಎಣ್ಣೆಯ ಹಳೇ ತಗಡಿನ ಡಬ್ಬಿ, ಬಟ್ಟೆಯ ಚೀಲ, ಒಂದು ಪ್ಲಾಸ್ಟಿಕ್ ಬಕೆಟ್ಟು. ಒಟ್ಟು ಮೂವತ್ತೊಂದು, ಗೋಡೆಗುಂಟ ಕೆರೆಯ ಕಡೆಗೆ ಬಾಗಿಕೊಂಡು ನಿಂತಿದ್ದವು. ಮನುಷ್ಯರು ಒಬ್ಬರೂ ಇರಲಿಲ್ಲ. ಕಾಳು ತಂದವರು ಡಬ್ಬಿಯನ್ನು ಸಾಲಿಗೆ ಹಚ್ಚಿ ಹೋಗಿಬಿಡುತ್ತಿದ್ದರು. ಒಂದು ಡಬ್ಬಿ ಬೀಸಿ ಮುಗಿದರೆ, ಆಗ ಹಾದುಹೋಗುವವರು ಯಾರೇ ಇರಲಿ, ಉಳಿದವನ್ನೆಲ್ಲ ಒಂದೊಂದು ಹೆಜ್ಜೆ ಮುಂದೆ ಸರಿಸುತ್ತಿದ್ದರು.

ಹಸೀನಾಬಿ ಹಾಗೆ ಸರಿಸುತ್ತ ಬಂದವಳು, ಹಿಂದಿನಿಂದ ಒಂದು ನೀಲಿ ಚೀಲವನ್ನು ಎತ್ತಿ ಎರಡನೆಯ ಜಾಗಕ್ಕೆ ಇಟ್ಟಳು.

“ಅದ್ಯಾಕ ಮುಂದ ಬಂತು?” ಎಂದು ಕೇಳಿದಳು ವೈಜಯಂತಿ.

“ಸೊಸಿ ಬಾಣಂತಿ ಅದಾಳ್ರಿ ಅವರ ಮನ್ಯಾಗ. ಹಿಟ್ಟ ಲಗೂನ ಬೇಕು.”

“ಹಿಂದಿನವ್ರು ಜಗಳಾ ತಗಿಯೂದಿಲ್ಲೇನು?”

“ತಗೀತಾರಲ್ರಿ! ಆದ್ರ ಜಗಳಾ ತಗ್ಯಾಕ ಅವರ ಇಲ್ಲಿ ಇರಬೇಕಲ್ಲ,” ಎಂದು ಹಸೀನಾಬಿ ನಕ್ಕಳು. ನೀಲಗಂಗವ್ವ ಗಿರಣಿಯ ಸದ್ದಿನ ಮೇಲೆ ದನಿ ಏರಿಸಿ, “ಡಬ್ಬಿ ಅಂದ್ರ ಮನಶ್ಯಾ ಇದ್ದಂಗ ರೀ ನಮ್ಮಲ್ಲಿ. ಇಂಥಾ ಅಡಚಣಿ ಇದ್ರ ಬ್ಯಾರೆ, ಇಲ್ಲಾಂದ್ರ ಅದನ್ನ ದಾಟಿ ಯಾರೂ ಮುಂದ ಹೋಗೂದಿಲ್ಲ” ಎಂದಳು.

ವೈಜಯಂತಿಗೆ ತನ್ನ ತಪ್ಪು ಹೊಳೆಯಿತು. ನಿಲ್ಲುವುದು ಕಾಲುಗಳ ಕೆಲಸ ಎಂದು ಅವಳು ಯಂತ್ರಕ್ಕೆ ಕಲಿಸಿದ್ದಳು. ಈ ಓಣಿಯಲ್ಲಿ ಕಾಲುಗಳು ಬೇರೆ ಕೆಲಸಕ್ಕೆ ಹೋಗುತ್ತಿದ್ದವು.

ಅಂದು ಮಧ್ಯಾಹ್ನ ಅವಳು ‘ಬದಲಿಗ’ ಎಂಬ ಹೊಸ ಪಾಠ ಬರೆದಳು. ಒಬ್ಬರು ಇಟ್ಟುಹೋದ ವಸ್ತುವನ್ನು ಉಳಿದವರು ಒಯ್ಯದೆ, ದಾಟದೆ, ಜೋಪಾನ ಮಾಡಿದರೆ ಅದನ್ನು ಒಬ್ಬ ಮನುಷ್ಯನೆಂದೇ ಎಣಿಸಬೇಕು. ಸೌಧ ಕಟ್ಟುವ ಕಂಪನಿಯ ಪರವಾಗಿ ಬಂದಿದ್ದ ಶ್ರೀಹರಿ ಇನಾಮದಾರರು ಓದದೆಯೇ ಸಹಿ ಹಾಕಿದರು. “ಹಾಕ್ರಿ ಹಾಕ್ರಿ. ಒಂದ ಹಿಟ್ಟಿನ ಗಿರಣಿಗೆ ಎಷ್ಟ ಮಹಾ ಜಾಗಾ ಬೇಕು!”

ಮರುದಿನ ಮೆಟ್ಟಿಲುಗಳು ಪಕ್ಕಕ್ಕೆ ಸರಿದು ಗಿರಣಿ ತನ್ನ ಜಾಗಕ್ಕೆ ಮರಳಿತು. ಆದರೆ ಯಂತ್ರ ಅಲ್ಲಿಗೆ ನಿಲ್ಲಿಸಲಿಲ್ಲ. ಕಲಿತ ಪಾಠವನ್ನು ಓಣಿಯ ತುಂಬ ಹುಡುಕಿಕೊಂಡು ಹೋಯಿತು. ನಲ್ಲಿಯ ಮುಂದಿನ ಕೊಡಗಳು ಸಿಕ್ಕವು. ಡಾಕ್ಟರ ಬಾಗಿಲಲ್ಲಿ ಸರದಿ ಹಿಡಿದ ಚಪ್ಪಲಿಗಳು, ಕಟ್ಟೆಯ ಮೇಲೆ ಯಾರೋ ಹಾಸಿಹೋದ ಟವೆಲು, ಕಸ ಗುಡಿಸುವ ಫಕೀರವ್ವನಿಗೆಂದು ಕಿಟಕಿಯಲ್ಲಿ ಮುಚ್ಚಿಟ್ಟ ರೊಟ್ಟಿಯ ತಾಟು, ಊರಿಗೆ ಬರುವ ತಂಗಿಗಾಗಿ ಹಸೀನಾಬಿ ಹೊಲಿದು ತೂಗುಹಾಕಿದ ಕುಪ್ಪಸ. ಓಣಿಯ ಎಣಿಕೆ ಎರಡು ಸಾವಿರದಿಂದ ಐದು ಸಾವಿರಕ್ಕೆ ಏರಿತು. ಇಷ್ಟು ಜನಕ್ಕೆ ಜಾಗ ಬೇಕಲ್ಲ! ದಿನದಿಂದ ದಿನಕ್ಕೆ ಬೆಳಕಿನ ಅಂಗಡಿಗಳು ಕುಗ್ಗಿದವು. ಅತ್ತರಿನ ಅಂಗಡಿಯ ಮುಂಭಾಗ ಹೋಗಿ ಉದ್ದನೆಯ ಕಟ್ಟೆ ಬಂತು. ಬೂಟಿನ ಅಂಗಡಿ ಮಾಯವಾಗಿ ಅಲ್ಲಿ ಏನೂ ಇಲ್ಲದ ಅಗಲವಾದ ನೆಲ ಉಳಿಯಿತು.

ಹದಿಮೂರನೆಯ ದಿನ ಇನಾಮದಾರರು ಡೇರೆಗೆ ಧಾವಿಸಿ ಬಂದರು. “ಮೇಡಂ, ಕೆಳಗಿನ ಅಂತಸ್ತು ಅರ್ಧಾ ಖಾಲಿ! ಇಲ್ಲದ ಮಂದಿಗೆ ಮಾಲು ಮಾರಲಿಕ್ಕೆ ಆಗ್ತದೇನ್ರಿ?”

ವೈಜಯಂತಿ ಯಂತ್ರವನ್ನೇ ಕೇಳಿದಳು: ಖಾಲಿ ಜಾಗ ಯಾಕೆ? ತೆರೆಯ ಮೇಲೆ ಉತ್ತರ ಮೂಡಿತು. ‘ಇವರು ಬರುತ್ತಾರೆಂದು ಓಣಿಯವರೆಲ್ಲ ಜಾಗ ಬಿಟ್ಟಿದ್ದಾರೆ. ನಾನೂ ಬಿಟ್ಟೆ.’

ಅದನ್ನು ಅವಳು ಎರಡು ಸಲ ಓದಿದಳು. ಆ ಮಾತನ್ನು ಅವಳು ಯಂತ್ರಕ್ಕೆ ಕಲಿಸಿರಲಿಲ್ಲ.

ಬದಲಿಗರನ್ನು ಪಟ್ಟಿಯಿಂದ ತೆಗೆಸಲು ಕಂಪನಿಗೆ ಒಂದೇ ದಾರಿ ಇತ್ತು. ಯಾವುದಾದರೂ ವಸ್ತುವಿನ ಹಿಂದೆ ಯಾವ ಮನುಷ್ಯನೂ ಇಲ್ಲವೆಂದು ಪಾಲಿಕೆಯ ಅಧಿಕಾರಿಯ ಮುಂದೆ ತೋರಿಸಿದರೆ, ಇಡೀ ಪಾಠವೇ ರದ್ದಾಗುತ್ತಿತ್ತು. ಹಾಗಾದರೆ ಗಿರಣಿಯೂ ಹೋಗುತ್ತಿತ್ತು. ಇನಾಮದಾರರು ರಾತ್ರಿಯಿಡೀ ಪಟ್ಟಿ ಜಾಲಾಡಿದರು. ಹದಿನಾಲ್ಕನೆಯ ದಿನ ಅಧಿಕಾರಿಯನ್ನು ಕರೆದುಕೊಂಡು ನೇರವಾಗಿ ಗಿರಣಿಗೆ ಬಂದರು. ವೈಜಯಂತಿ ಹಿಂದೆಯೇ ಓಡಿದಳು.

“ನಾಕನೂರಾ ಹನ್ನೆರಡನೇ ಬದಲಿಗ,” ಎಂದು ಅವರು ಸಾಲಿನ ನಡುವಿನ ಒಂದು ಸಣ್ಣ ಸ್ಟೀಲಿನ ಡಬ್ಬಿಯನ್ನು ತೋರಿಸಿದರು. “ಹನ್ನೊಂದ ದಿನದಿಂದ ಇಲ್ಲೇ ಅದ. ಮುಂದ ಬರ್ತದ, ಬೀಸೂ ಪಾಳಿ ಬಂದಾಗ ಮತ್ತ ಹಿಂದ ಹೋಗ್ತದ. ಯಾರೂ ತಂದದ್ದಲ್ಲ, ಯಾರೂ ಒಯ್ಯೂದಿಲ್ಲ. ಹೇಳ್ರಿ ನೀಲಗಂಗವ್ವ, ಈ ಮನಶ್ಯಾ ಎಲ್ಲಿದ್ದಾನ?”

ವೈಜಯಂತಿ ದಾಖಲೆ ತೆಗೆದು ನೋಡಿದಳು. ಅವರು ಹೇಳಿದ್ದು ಸರಿಯಾಗಿತ್ತು. ಆ ಡಬ್ಬಿಯನ್ನು ಇಟ್ಟ ಕೈ ಗಿರಣಿಯವಳದೇ ಎಂದು ಯಂತ್ರದ ದಾಖಲೆಯಲ್ಲೂ ಇತ್ತು.

ನೀಲಗಂಗವ್ವ ಗಿರಣಿ ನಿಲ್ಲಿಸಿದಳು. ಓಣಿ ಒಮ್ಮೆಲೇ ಶಾಂತವಾಯಿತು. “ಈ ಡಬ್ಬಿ ನಿಮ್ಮದರೀ, ಸಾಹೇಬ್ರ.”

“ನಂದಾ?”

“ಮೂರನೇ ದಿನಾ ಇಲ್ಲಿ ಹಾದ ಹೋಗಬೇಕಾದ್ರ ನಿಂತಿದ್ರಿ. ಬಿಸಿ ಹಿಟ್ಟ ಚಿವುಟಿ ನೋಡಿ ‘ಪಾಕೀಟಿನ ಹಿಟ್ಟಿನ ರೊಟ್ಟಿ ಬಡದ್ರ ಒಡೀತಾವು, ನಮ್ಮವ್ವ ಉಣ್ಣೂದ ಬಿಟ್ಟಾಳ’ ಅಂದ್ರಿ. ಫೋನ್ ಬಂತು, ಹೋಗಿಬಿಟ್ರಿ. ನಮ್ಮ ಮನ್ಯಾಗ ಬಿಳಿಜ್ವಾಳಾ ಇತ್ತು. ಹಸನ ಮಾಡಿ ಪಾಳಿಗೆ ಹಚ್ಚೀನಿ. ಮದಲಽ ಬೀಸಿದ್ರ ಆರಿ ಹೋಗ್ತೈತಿ, ಜಿಗಿ ಇರೂದಿಲ್ಲ. ಅದಕ್ಕ, ಬಂದಾಗ ಬೀಸೂಣು ಅಂತ ಹಿಂದ ಹಿಂದ ಇಡಾಕ ಹತ್ತೀನಿ.”

ಹಸೀನಾಬಿ ತನ್ನ ಬಾಗಿಲಿನಿಂದ ಕೂಗಿದಳು. “ಹನ್ನೊಂದ ದಿನಾ ನಿಮ್ಮನ್ನ ಸರಿಸಿ ಸರಿಸಿ ನನ್ನ ಸೊಂಟಾ ಹೋಗೇತ್ರಿ, ಸಾಹೇಬ್ರ!”

ಅಧಿಕಾರಿ ಪೆನ್ನನ್ನು ಪಟ್ಟಿಯ ಮೇಲೆ ಹಿಡಿದು, ನಗು ತಡೆದುಕೊಂಡು ಕೇಳಿದರು. “ಇನಾಮದಾರರ, ಈ ಮನಶ್ಯಾ ಇಲ್ಲ ಅಂತ ಹೊಡದ ಹಾಕ್ಲ್ಯಾ?”

ಇನಾಮದಾರರು ಬಗ್ಗಿ ಡಬ್ಬಿಯ ಮುಚ್ಚಳ ತೆಗೆದರು. ಒಳಗೆ ಒಂದು ಹರಳೂ ಇಲ್ಲದ ಬಿಳಿಜೋಳ. ಅದರಲ್ಲಿ ಬೆರಳಾಡಿಸಿದರು.

“ಈಗ ಬೀಸಿಸಿದ್ರ ಎಷ್ಟೊತ್ತ ಆಗ್ತದ?”

“ನಿಮ್ಮ ಮುಂದ ಒಂಬತ್ತ ಅದಾವು. ಇಟ್ಟ ಹೋಗ್ತೀರೋ?”

“ಇಲ್ಲ, ಕೂಡ್ರತೀನಿ,” ಎಂದು ಅವರು ಒಂದು ಖಾಲಿ ಡಬ್ಬಿಯನ್ನು ಬೋರಲು ಹಾಕಿಕೊಂಡು ಕುಳಿತರು. ಅಧಿಕಾರಿ ಪುಸ್ತಕ ಮಡಚಿದರು. ನೀಲಗಂಗವ್ವ ಗಿರಣಿಯ ಗುಂಡಿ ಒತ್ತಿದಳು.

ಹದಿನೈದನೆಯ ದಿನ ಸೌಧದ ನಕ್ಷೆ ಮುದ್ರೆ ಬಿದ್ದು ಅಂತಿಮವಾಯಿತು. ಅದಕ್ಕೆ ಮುಂಚೆ ವೈಜಯಂತಿ, ರಾತ್ರಿ ಕಳೆಯುವಷ್ಟರಲ್ಲಿ ಯಂತ್ರ ಏನೇನು ತಿದ್ದಿದೆ ಎಂದು ಅಭ್ಯಾಸಬಲದಿಂದ ಹೋಲಿಸಿ ನೋಡಿದಳು. ಗಿರಣಿ ಹೆಬ್ಬಾಗಿಲಿನ ಎದುರಿಗೇ ಇತ್ತು. ಕಟ್ಟೆಗಳು, ಖಾಲಿ ನೆಲ ಇದ್ದಂತೆಯೇ ಇದ್ದವು. ಬದಲಾವಣೆ ಒಂದೇ. ಓಣಿಯವರು ಯಾರೂ ಆ ಸಾಲಿನಲ್ಲಿ ಕುಳಿತವರಲ್ಲವಾದ್ದರಿಂದ, ಅದುವರೆಗೆ ಗಿರಣಿಯ ಮುಂದೆ ಆಸನವನ್ನೇ ಬರೆದಿರದ ಯಂತ್ರ, ಈಗ ಹಿಂದಿನ ದಿನ ಇನಾಮದಾರರು ಕುಳಿತಿದ್ದ ಜಾಗದಲ್ಲಿ, ಗೋಡೆಯ ಬದಿಗೆ, ಒಬ್ಬರು ಕೂರುವಷ್ಟು ಅಗಲದ ಒಂದು ಬೆಂಚನ್ನು ಬರೆದಿತ್ತು.